ಸುಮ್ಮನೆ ತಾಗಿಕೊಂಡಿದ್ದ ಬೆಳ್ಳಿ ತಂತಿ

ಬಾಳ್ಳುಪೇಟೆಯಲ್ಲಿ ಲಾರಿಗಳ ವೈರಿಂಗ್ ರಿಪೇರಿ ಮಾಡುವ ನನ್ನಪ್ಪನಿಗೆ ಲೋಕದ ಕಾಯಿಲೆಗಳೆಲ್ಲ ಒಂದೇ: ಲೂಸ್ ಕಾಂಟ್ಯಾಕ್ಟ್. ಹೆಡ್‌ಲೈಟ್ ಉರಿಯದಿದ್ದರೂ ಅದೇ, ಸರ್ಕಾರ ಬಿದ್ದರೂ ಅದೇ. ಇನ್ನೊಂದು ಗುಣವೆಂದರೆ, ಗಿರಾಕಿಗಳ ಮುಂದೆ ತನ್ನ ತಪ್ಪನ್ನು ಸತ್ತರೂ ಒಪ್ಪುವವನಲ್ಲ. ಫ್ಯೂಸ್ ಸುಟ್ಟರೆ ಫ್ಯೂಸಿನದೇ ತಪ್ಪು.

ಅಂಥವನ ಮಗಳು ನಾನು ಸಂಶೋಧನೆಗೆ ಹಿಡಿದದ್ದು ಬರೀ ತಾಗಿಕೊಂಡಿರುವ ಕಾಂಟ್ಯಾಕ್ಟನ್ನೇ. ಟೋಪಲಾಜಿಕಲ್ ಅರೆಲೋಹ ಅಂತ ಒಂದು ಜಾತಿಯ ಹರಳುಗಳಿವೆ. ನನ್ನ ಹರಳನ್ನು ಎಷ್ಟು ತಣ್ಣಗೆ ಮಾಡಿದರೂ ಕರೆಂಟಿಗೆ ಒಂದಿಷ್ಟು ತಡೆ ಒಡ್ಡಿಯೇ ಒಡ್ಡುತ್ತದೆ. ಆದರೆ ಚೂಪಾದ ಬೆಳ್ಳಿ ತಂತಿ ತಾಗಿಸಿ ತಣ್ಣಗೆ ಮಾಡಿದರೆ, ಆ ತುದಿಯ ಕೆಳಗೆ ಮಾತ್ರ, ಕಣ್ಣಿಗೆ ಕಾಣದಷ್ಟು ಜಾಗದಲ್ಲಿ, ತಡೆಯೇ ಇಲ್ಲವಾಗುತ್ತದೆ. ಅದೇ ಸೂಪರ್‌ಕಂಡಕ್ಟಿವಿಟಿ. ಬೆಳ್ಳಿಗೂ ಆ ಗುಣವಿಲ್ಲ, ಹರಳಿಗೂ ಇಲ್ಲ, ಎರಡೂ ತಾಗಿದಲ್ಲಿ ಹುಟ್ಟುತ್ತದೆ! ಮೂರು ವರ್ಷದಲ್ಲಿ ಒಂದೇ ಒಂದು ಹರಳು ಒಂದೇ ಒಂದು ಸಲ ಇದನ್ನು ತೋರಿಸಿತ್ತು. ಇನ್ನೊಮ್ಮೆ ತೋರಿಸದಿದ್ದರೆ ನನ್ನ ಪಿಎಚ್‌ಡಿ ಗೋವಿಂದ.

ಅಷ್ಟರಲ್ಲಿ ಹರಳನ್ನು ಕೂರಿಸುವ ಹಿತ್ತಾಳೆ ಹೋಲ್ಡರಿನ ಸ್ಪ್ರಿಂಗ್ ಸಡಿಲವಾಯಿತು. ಸಣ್ಣ ಸ್ಪ್ರಿಂಗಿಗೆ ಅಪ್ಪನಂಥ ಕೈ ಇನ್ನೊಂದಿಲ್ಲ ಅಂತ ಹರಳು, ತಂತಿ ಸಮೇತ ಊರಿಗೆ ತಂದೆ. ಬುದ್ಧಿಗೆ ಮಂಕು ಬಡಿದಿತ್ತು, ಅಂಗಡಿಯ ಮೇಜಿನ ಮೇಲಿಟ್ಟು ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದೆ.

ವಾಪಸ್ ಬಂದಾಗ ಅಪ್ಪನ ಮುಖ ಅರಳಿತ್ತು.

"ಸ್ಪ್ರಿಂಗ್ ಸರಿ ಮಾಡ್ದೆ ಕಣವ್ವ. ಆ ಬೆಳ್ಳಿ ತಂತಿ ಸುಮ್ನೆ ತಾಗ್ಕಂಡಿತ್ತು, ಲೂಸ್ ಕಾಂಟ್ಯಾಕ್ಟು. ಭದ್ರವಾಗಿ ಬೆಸುಗೆ ಹಾಕ್ಬುಟ್ಟೆ."

ಹರಳಿನ ನೆತ್ತಿಯ ಮೇಲೆ ಬೆಸುಗೆಯ ಸೀಸದ ಗುಡ್ಡೆ ಹೊಳೆಯುತ್ತಿತ್ತು.

"ಅಯ್ಯೋ ಅಪ್ಪಾ, ಏನ್ ಮಾಡ್ಬುಟ್ಟೆ! ಸುಮ್ನೆ ತಾಗ್ಕಂಡಿರೋದೇ ನನ್ ಕೆಲ್ಸ! ತಣ್ಣಗೆ ಮಾಡುದ್ರೆ ಸೀಸನೇ ಸೂಪರ್‌ಕಂಡಕ್ಟರ್ ಆಗ್ತೈತೆ. ತಡೆ ಇಳುದ್ರೂ ಅದು ಸೀಸದ್ದೇ ಅಂತಾರೆ, ಇನ್ನು ನನ್ ಮಾತ್ ಯಾರ್ ನಂಬ್ತಾರೆ?"

ಲಾರಿ ಡ್ರೈವರುಗಳ ಎದುರೇ ಅತ್ತುಬಿಟ್ಟೆ. ಹರಳೇ ಸರಿಯಿಲ್ಲ ಅನ್ನುತ್ತಾನೆ ಎಂದುಕೊಂಡೆ. ಅಪ್ಪ ಬೆಸುಗೆ ಕಡ್ಡಿಯ ಪ್ಲಗ್ ಕಿತ್ತು ಪಕ್ಕಕ್ಕಿಟ್ಟ.

ಮೂಗು ಒರೆಸಿಕೊಳ್ಳುವಾಗ ಹೊಳೆಯಿತು. ಈ ಹರಳು ಈರುಳ್ಳಿಯ ಹಾಗೆ ಪದರ ಪದರ; ಮೇಲಿನದನ್ನು ಎಬ್ಬಿಸಿದರೆ ಕೆಳಗೆ ಹೊಸ ಮೈ ಸಿಗುತ್ತದೆ. ಬ್ಲೇಡ್ ಹಿಡಿದೆ, ಕಣ್ಣೀರಿಗೆ ಅಂಚೇ ಕಾಣಲಿಲ್ಲ. ಅಪ್ಪ ಇಸಿದುಕೊಂಡು, ಅಂಚಿಗೆ ಇಟ್ಟು, ಉಸಿರು ಬಿಗಿಹಿಡಿದು ಮೆಲ್ಲಗೆ ಒತ್ತಿದ. ಸೀಸದ ಸಮೇತ ಮೇಲ್ಪದರ ಟಕ್ಕಂತ ಎದ್ದು ಬಂತು.

ಮುಂದಿನ ವಾರ ಲ್ಯಾಬಿನಲ್ಲಿ ಆ ಹೊಸ ಮೈಗೆ ಹೊಸ ಬೆಳ್ಳಿ ತುದಿ ತಾಗಿಸಿದೆ. ಮೊದಲ ಜಾಗದಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಏಳನೆಯದರಲ್ಲಿ ತಡೆ ದಡಕ್ಕನೆ ಇಳಿಯಿತು!

ಫೋನ್ ಮಾಡಿ "ಸಿಕ್ತು ಅಪ್ಪ" ಅಂದೆ. ಅಪ್ಪ ಫೋನ್ ಆಫ್ ಮಾಡುವುದನ್ನೂ ಮರೆತು ಅಂಗಡಿಯಲ್ಲಿದ್ದ ಗಿರಾಕಿಗಳಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು: "ನನ್ ಮಗಳ್ದು ಸಿಕ್ಬುಡ್ತಂತೆ ಕಣ್ರೋ! ಅವತ್ತು ತಪ್ಪು ನಂದೇ. ನಾನೇ ಕೆಡ್ಸಿದ್ದೆ."