ಎಂಡಕ್ಕೆ ಮಾಡಿದ ಖರ್ಚು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ದಿನ ಸಭೆಯಲ್ಲಿ ಆ ಒಂದು ಮಾತನ್ನು ಆಡಿದವನು ನಾನೋ ಬೇರೆ ಯಾರೋ ನನಗೆ ಈಗ ಖಚಿತವಿಲ್ಲ. ನಾನೇ ಎಂದು ಮನೆಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮಾಲೂರಿನ ಬಸ್ಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಡೆದದ್ದನ್ನು ಹೇಳುತ್ತ ಬಂದೆನೋ, ಹೇಳುತ್ತ ಹೇಳುತ್ತ ಅದು ನಡೆದದ್ದಾಗಿ ಹೋಯಿತೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರೊಬ್ಬರು, "ಕಣ್ಣಾರೆ ಕಂಡೆ ಅನ್ನುವವನನ್ನು ಎರಡು ಸಲ ಕೇಳಿ" ಎನ್ನುತ್ತಿದ್ದರು. ಆ ಪಾಠ ನನಗೇ ಬಂದು ತಗಲುತ್ತದೆಂದು ಆಗ ಅಂದುಕೊಂಡಿರಲಿಲ್ಲ.

ಕೊರೊನಾ ಕಳೆದು ಒಂದೆರಡು ವರ್ಷವಾಗಿದ್ದ ಬೇಸಿಗೆ. ಏಪ್ರಿಲ್ ಎಂದು ನನ್ನ ನೆನಪು. ಮಾವಿನಕಾಯಿ ಲಾರಿಗಳು ರಸ್ತೆ ತುಂಬ ಓಡಾಡುತ್ತಿದ್ದವು, ಹಾಗಾಗಿ ಮೇ ಇರಬೇಕು ಎನ್ನುತ್ತಾನೆ ನನ್ನ ಗೆಳೆಯ ಮಂಜ. ಮಾಲೂರಿನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಬೇರೆ ಕೆಲಸವೊಂದಕ್ಕೆ ಅರ್ಜಿ ಹಾಕಲು ವಾಸಸ್ಥಳದ ಪ್ರಮಾಣಪತ್ರ ಬೇಕಿತ್ತು. ಶ್ರೀನಿವಾಸಪುರ ತಾಲೂಕಿನಲ್ಲಿ ಆಂಧ್ರದ ಗಡಿಯ ಕಡೆಗಿರುವ, ನನ್ನ ಹುಟ್ಟೂರು ಸೇರುವ ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅದರ ಗೇಟಿನ ಎದುರಿಗೇ ಮಂಜನ ಜೆರಾಕ್ಸ್ ಅಂಗಡಿ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ನಾನು ಎಂ.ಎ. ಮಾಡಿದ ಮೇಲೆ ನನ್ನ ಹೆಸರನ್ನೇ ಬಿಟ್ಟು 'ಎಮ್ಮೆ' ಎಂದೇ ಕರೆಯುತ್ತಾನೆ.

ಕೌಂಟರಿನ ಕಿಟಕಿ ಮುಚ್ಚಿತ್ತು. 'ಊಟದ ಸಮಯ' ಎಂಬ ಹಲಗೆ ನೇತಾಡುತ್ತಿತ್ತು. ಅದು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆಂದು ಹಲಗೆಯಲ್ಲಿ ಬರೆದಿರಲಿಲ್ಲ. ಆದರೆ ಕಿಟಕಿಯ ಮುಂದೆ, ಟೊಮೇಟೊ ಸಸಿಮಡಿಗಳಿಗೆ ಕಟ್ಟುತ್ತಾರಲ್ಲ, ಅಂಥ ಹಸಿರು ಬಲೆಯನ್ನು ನೆರಳಿಗೆಂದು ಕಂಬಗಳಿಗೆ ಎಳೆದು ಕಟ್ಟಿದ್ದರು. ಕೆಳಗೆ ಕಲ್ಲು ಚಪ್ಪಡಿಯ ಬೆಂಚುಗಳು. ಜನ ಅಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ರಾಯಲ್ಪಾಡಿನ ಕಡೆಯ ಒಬ್ಬ ಅಜ್ಜಿ, ಹೆಸರು ನರಸಮ್ಮ, ನನಗೆ ಜಾಗ ಬಿಟ್ಟು, "ಕೂಚೋ ನಾಯನಾ, ಎಂಡ ಎಕ್ಕುವಗಾ ಉಂದಿ" ಎಂದಳು.

ಇಲ್ಲೇ ಒಂದು ವಿಷಯ ಹೇಳಬೇಕು. ತೆಲುಗಿನಲ್ಲಿ 'ಎಂಡ' ಎಂದರೆ ಬಿಸಿಲು. ಕೂತುಕೋ ಮಗನೇ, ಬಿಸಿಲು ಜಾಸ್ತಿ ಇದೆ ಎಂದಿದ್ದಳು ಅಜ್ಜಿ. ಗಡಿಯ ಕಡೆ ನಮ್ಮ ಮಾತು ಕನ್ನಡದಲ್ಲಿ ಬಸ್ಸು ಹತ್ತಿ ತೆಲುಗಿನಲ್ಲಿ ಇಳಿಯುತ್ತದೆ. ಕನ್ನಡ ಮನೆಮಾತಿನವರೂ "ಏನ್ ಎಂಡ ಅಪ್ಪಾ ಇದು" ಎನ್ನುತ್ತಾರೆ. ಅದೇ ಬಾಯಲ್ಲಿ ಹೆಂಡಕ್ಕೂ ಎಂಡ ಎನ್ನುವವರಿದ್ದಾರೆ. ಯಾವುದು ಯಾವುದೆಂದು ನಮಗೆ ಗೊಂದಲವಾಗುವುದಿಲ್ಲ. ಬಿಸಿಲು ತಲೆಯ ಮೇಲಿರುತ್ತದೆ, ಇನ್ನೊಂದು ತಲೆಯ ಒಳಗೆ.

ಆ ಬಲೆಯ ಕಥೆಯನ್ನು ಮಂಜ ಹೇಳಿದ. ಹಿಂದಿನ ಬೇಸಿಗೆಯಲ್ಲಿ ಇದೇ ನರಸಮ್ಮ ಪಿಂಚಣಿಯ ವಿಷಯಕ್ಕೆ ಬಂದು, ಸಾಲಿನಲ್ಲಿ ನಿಂತು ನಿಂತು ತಲೆ ತಿರುಗಿ ಬಿದ್ದಿದ್ದಳು. ಆಗ ಗುಮಾಸ್ತೆ ರತ್ನಮ್ಮ ಎಂಬುವರು ಕಚೇರಿಯ ಸಾದಿಲ್ವಾರು ಹಣದಿಂದ, ಅಂದರೆ ಪೊರಕೆ, ಬಲ್ಬು, ಕಾಗದದಂಥ ಚಿಲ್ಲರೆ ಖರ್ಚಿಗೆಂದು ಇಟ್ಟ ಹಣದಿಂದ, ಈ ಬಲೆ ತರಿಸಿ ಕಟ್ಟಿಸಿದ್ದರು. ಖರ್ಚಿನ ಉದ್ದೇಶ ಬರೆಯುವ ಜಾಗದಲ್ಲಿ 'ಇತರೆ' ಎಂದಷ್ಟೇ ಬರೆದಿದ್ದರು. ಲೆಕ್ಕ ಪರಿಶೀಲಿಸಿದವರು ಆಕ್ಷೇಪಣೆ ಹಾಕಿದ್ದರು.

"ಈಗ ಸಮಿತಿ ಬರ್ತಾ ಇದೆ ಕಣೋ," ಎಂದ ಮಂಜ. "ಎಮ್ಮೆಲ್ಲೆಗಳ ಸಮಿತಿ. ಕಚೇರಿ ಹೆಂಗೆ ನಡೀತದೆ, ದುಡ್ಡು ಎಲ್ಲಿ ಹೋಗ್ತದೆ ಅಂತ ಕೇಳ್ತಾರಂತೆ. ಸಾಹೇಬ್ರು ಆಗ್ಲೇ ಕೈ ತೊಳ್ಕೊಂಡವ್ರೆ. ನನ್ ಗಮನಕ್ಕೆ ಬಂದಿಲ್ಲ ಅಂದ್ಬಿಟ್ರೆ ಮುಗೀತು. ರತ್ನಮ್ಮ ಅಮಾನತು. ಬಲೆ ಗುಜರಿಗೆ."

"ಸಮಿತಿ ಬಂದು ಬಾದಾಮಿ ಹಾಲು ಕುಡಿದು ಹೋಗುತ್ತೆ ಅಷ್ಟೇ," ಎಂದೆ ನಾನು. ಶಾಸಕಾಂಗವು ಕಾರ್ಯಾಂಗದ ಮೇಲೆ ಕಣ್ಣಿಡುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ನಂಬಿರಲಿಲ್ಲ.

"ನೀನು ಯಾವುದನ್ನ ನಂಬ್ತೀಯಲೇ ಎಮ್ಮೆ?" ಎಂದ ಮಂಜ.

ಪ್ರಮಾಣಪತ್ರ ಪಡೆಯಲು ನಾನು ಮತ್ತೆ ಹೋದ ದಿನವೇ ಸಮಿತಿ ಬಂದಿತ್ತು. ಗೇಟು ದಾಟುತ್ತಲೇ ಏನೋ ಬೋಳಾದ ಹಾಗೆ ಕಂಡಿತು. ಬಲೆಯನ್ನು ಸುತ್ತಿ ಕಂಬಕ್ಕೆ ಬಿಗಿದಿದ್ದರು. ಇವತ್ತೊಂದು ದಿನ ಅದು ಕಾಣಿಸಬಾರದು ಎಂದು ಸಾಹೇಬರ ಅಪ್ಪಣೆಯಂತೆ. ಸುತ್ತಿದ್ದು ರತ್ನಮ್ಮನೇ ಅಂತೆ. ಜನ ಬಿಸಿಲಲ್ಲಿ ಸಾಲು ನಿಂತಿದ್ದರು. ಯಾರದೋ ತಲೆಯ ಮೇಲೆ ಟವೆಲ್, ಯಾರದೋ ತಲೆಯ ಮೇಲೆ ಪ್ಲಾಸ್ಟಿಕ್ ಫೈಲು. ನರಸಮ್ಮ ಸೆರಗು ಹೊದ್ದು ಸಭಾಂಗಣದ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ನಾನೂ ಮಂಜನೂ ಸಭಾಂಗಣದ ಬಾಗಿಲಲ್ಲಿ ಇಣುಕಿದೆವು. ಯಾರೂ ತಡೆಯಲಿಲ್ಲ. ಅಧ್ಯಕ್ಷರು ಉತ್ತರ ಕರ್ನಾಟಕದವರು, ಬಿಳಿ ಮೀಸೆಯ ಹಿರಿಯರು. ಪಕ್ಕದಲ್ಲಿ ಬೇರೆ ಬೇರೆ ಜಿಲ್ಲೆಗಳ ಸದಸ್ಯರು. ನಮ್ಮ ಕಡೆಯ ಮಾತು ತಿಳಿದವರು ಅವರಲ್ಲಿ ಯಾರೂ ಇದ್ದಂತಿರಲಿಲ್ಲ. ವಾಹನದ ಡೀಸೆಲ್, ಪೀಠೋಪಕರಣ, ನೌಕರರ ಹಾಜರಾತಿ ಎಲ್ಲ ಮುಗಿದು 'ಇತರೆ'ಗೆ ಬಂದರು.

"ಏನಿದು ಇತರೆ?" ಎಂದರು ಅಧ್ಯಕ್ಷರು.

ಸಾಹೇಬರು ಎದ್ದು, "ನನ್ನ ಗಮನಕ್ಕೆ ಬಂದಿಲ್ಲ ಸರ್, ಸಂಬಂಧಪಟ್ಟ ಸಿಬ್ಬಂದಿ ಇದ್ದಾರೆ" ಎಂದರು. ಮಂಜ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದ.

ರತ್ನಮ್ಮ ಮುಂದೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ಕಚೇರಿಯಲ್ಲಿ ಅಚ್ಚುಕಟ್ಟಾದ ಕನ್ನಡ ಮಾತಾಡುವವರು, ಆದರೆ ಮನೆಮಾತು ತೆಲುಗು. ಹೆದರಿದಾಗ ಮನೆಯ ಮಾತೇ ಮೊದಲು ಬಾಯಿಗೆ ಬರುತ್ತದಲ್ಲ.

"ಹೇಳು ತಂಗಿ, ಯಾತಕ್ಕ ಖರ್ಚು ಮಾಡಿದಿ?"

"ಎಂಡಕ್ಕೆ ಸಾರ್," ಎಂದರು ರತ್ನಮ್ಮ.

ಅಧ್ಯಕ್ಷರು ಕನ್ನಡಕ ತೆಗೆದರು. "ಯಾತಕ್ಕ?"

"ಎಂಡಕ್ಕೆ ಸಾರ್. ಜನಕ್ಕೆ."

"ಇಲ್ಲಿಗೆ ಬರೋ ಮಂದಿಗೆ?"

"ಹೂಂ ಸಾರ್. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಎಂಡ ಜಾಸ್ತಿ ಇರ್ತದೆ. ವಯಸ್ಸಾದವರು ತಡೆಯಲ್ಲ ಸಾರ್. ತಲೆ ತಿರುಗಿ ಬಿದ್ದುಬಿಡ್ತಾರೆ."

ಒಬ್ಬ ಸದಸ್ಯರು ನೀರಿನ ಲೋಟ ಕೆಳಗಿಟ್ಟರು. "ಬೀಳದೆ ಇನ್ನೇನಾಗ್ತದೆ!" ಎಂದರು ಇನ್ನೊಬ್ಬರು.

"ಮತ್ತ ನಿಮ್ಮ ಸಾಹೇಬರು?" ಅಧ್ಯಕ್ಷರ ದನಿ ಏರಿತು.

"ಅವರು ಒಳಗಿರ್ತಾರೆ ಸಾರ್," ಎಂದರು ರತ್ನಮ್ಮ, ಪಾಪ, ಸಾಹೇಬರನ್ನು ಉಳಿಸುವವರ ಹಾಗೆ. "ಅವರಿಗೆ ಎಂಡ ಗೊತ್ತೇ ಆಗಲ್ಲ."

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಅವರೂ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಬಾಗಿಲು ಕಿಟಕಿಗಳಲ್ಲಿ ಇಣುಕುತ್ತಿದ್ದ ಊರಿನ ಜನರಿಗೆ ಮಾತ್ರ ಏನೂ ತಿಳಿಯಲಿಲ್ಲ. ಆಯಮ್ಮ ಸರಿಯಾಗೇ ಹೇಳುತ್ತಿದ್ದಾಳೆ, ಇವರಿಗೇಕೆ ಇಷ್ಟು ಸಿಟ್ಟು ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಸರ್ಕಾರದ ರೊಕ್ಕದಾಗ ಮಂದಿಗೆ ಹೆಂಡಾ ಕುಡಿಸೀರೇನವಾ?" ಎಂದು ಅಧ್ಯಕ್ಷರು ಮೇಜು ಬಡಿದರು. "ಇಕಿನ್ನ ಇವತ್ತಽ ಅಮಾನತು ಮಾಡ್ರಿ. ಬರಕೊಳ್ರಿ!"

ರತ್ನಮ್ಮನಿಗೆ ಕೇಳಿಸಿದ್ದು 'ಅಮಾನತು' ಎಂಬ ಒಂದೇ ಪದ ಎಂದು ಆಮೇಲೆ ಹೇಳಿದರು.

ಇಲ್ಲಿಂದ ಮುಂದೆಯೇ ನನ್ನ ನೆನಪಿನ ಮೇಲೆ ನನಗೆ ಅನುಮಾನ. ನನ್ನ ನೆನಪಿನ ಪ್ರಕಾರ, ಬಾಗಿಲಲ್ಲಿದ್ದ ನಾನು ಎರಡು ಹೆಜ್ಜೆ ಒಳಗೆ ನುಗ್ಗಿ, "ಸಾರ್, ಎಂಡ ಅಂದರೆ ಬಿಸಿಲು!" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಮಂಜನ ಪ್ರಕಾರ ನಾನು ಬಾಗಿಲ ಚೌಕಟ್ಟು ಬಿಟ್ಟು ಅಲ್ಲಾಡಲೇ ಇಲ್ಲ. "ನೀನೆಲ್ಲಿ ಕೂಗಿದೆಯೋ? ಬಾಯಿ ತೆಗೆದೆ, ಅದು ನಿಜ. ಮಾತು ಬಂದಿದ್ದು ಕಿಟಕಿಯಿಂದ. ನರಸಮ್ಮ ಕಣೋ." ಅವನ ಪ್ರಕಾರ ಆ ಅಜ್ಜಿ ಸರಳುಗಳ ನಡುವೆ ಕೈ ತೂರಿಸಿ, ಮೇಲಕ್ಕೆ ಬೆರಳು ತೋರಿಸಿ, "ಎಂಡ ಅಂಟೇ ಬಿಸಿಲು ಸಾಮೀ! ತಾಗೇದಿ ಕಾದು!" ಎಂದಳು. ಕುಡಿಯುವುದಲ್ಲ ಸ್ವಾಮಿ, ಎಂದು.

ಯಾರೇ ಹೇಳಿರಲಿ, ಸಭೆಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮೊದಲು ನಕ್ಕವರು ಅಧ್ಯಕ್ಷರೇ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ಥಟ್ಟನೆ ನಗು ನಿಲ್ಲಿಸಿ, "ನಡೀರಿ, ಆ ಎಂಡಾ ಹ್ಯಾಂಗ ಐತಿ ನೋಡೂಣು" ಎಂದು ಎದ್ದರು.

ಎಲ್ಲರೂ ಅವರ ಹಿಂದೆ ಹೊರಬಂದರು. ಸಾಲಿನ ಜನ ಸರಿದು ದಾರಿ ಬಿಟ್ಟರು. ಅಧ್ಯಕ್ಷರು ದಾರಿಯಲ್ಲಿ ನಡೆಯದೆ ಸಾಲಿನ ಕೊನೆಗೆ ಹೋಗಿ ನಿಂತುಕೊಂಡರು. ಸಾಹೇಬರೂ ನಿಲ್ಲಬೇಕಾಯಿತು. ಬಿಸಿಲು ಕೆಂಡದಂತಿತ್ತು. ಸ್ವಲ್ಪ ಹೊತ್ತಿಗೆ ಸದಸ್ಯರೊಬ್ಬರು ಕಾಲು ಬದಲಿಸಿ ನಿಲ್ಲತೊಡಗಿದರು. ಇದು ಪತ್ರಿಕೆಯವರಿಗಾಗಿ ಆಡುವ ನಾಟಕ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಸುತ್ತ ನೋಡಿದರೆ ಒಂದು ಕ್ಯಾಮೆರಾ ಕೂಡ ಇರಲಿಲ್ಲ.

"ಎಲ್ಲಿ ತಂಗಿ ನಿನ್ನ ಖರ್ಚು?" ಎಂದರು ಅಧ್ಯಕ್ಷರು.

ರತ್ನಮ್ಮ ಕಂಬದ ಹತ್ತಿರ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದರು. ಗಂಟು ಬಿಗಿದುಹೋಗಿತ್ತು, ಬಿಚ್ಚಲಾಗಲಿಲ್ಲ. ಸಾಲಿನಲ್ಲಿದ್ದ ಇಬ್ಬರು ರೈತರು ಮುಂದೆ ಬಂದು ಬಿಚ್ಚಿ, ಬಲೆಯನ್ನು ಎಳೆದು ಆಚೆ ಕಂಬಕ್ಕೆ ಕಟ್ಟಿದರು. ನೆರಳು ನಿಧಾನವಾಗಿ ಜನರ ಮೇಲೆ ಹರಡುತ್ತ ಬಂದು ಅಧ್ಯಕ್ಷರ ತಲೆಯನ್ನೂ ಮುಚ್ಚಿತು. ಯಾರೋ "ಅಬ್ಬಾ" ಎಂದರು. ಅದು ಸಾಹೇಬರೇ ಎಂದು ಮಂಜ ಇವತ್ತಿಗೂ ಆಣೆ ಹಾಕುತ್ತಾನೆ.

ಅಧ್ಯಕ್ಷರು ಕಲ್ಲು ಬೆಂಚಿನ ಮೇಲೆ, ಕಿಟಕಿ ಬಿಟ್ಟು ನೆರಳಿಗೆ ಬಂದಿದ್ದ ನರಸಮ್ಮನ ಪಕ್ಕ ಕೂತರು. "ಉದ್ದೇಶ ಬರೀಬೇಕಾಗಿತ್ತು ತಂಗಿ. 'ಇತರೆ' ಅಂತ ಬರದ್ರ ಯಾರಿಗೆ ತಿಳೀತದ? ಮುಂದ ಹಂಗ ಮಾಡಬ್ಯಾಡ" ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಈ ನೆರಳು ಯಾತಕ್ಕ ಬೇಕಾತ್ರೀ?" ಎಂದು ಕೇಳಿದರು.

"ಬಿಸಿಲು ಜಾಸ್ತಿ ಸರ್ ಈ ಕಡೆ."

"ಬಿಸಿಲು ಸೂರ್ಯಂದು. ಸಾಲು ಯಾರದು?"

ಅಧ್ಯಕ್ಷರ ಕಣ್ಣು ಮುಚ್ಚಿದ ಕಿಟಕಿಯ ಮೇಲೆ, ಅಲ್ಲಿ ನೇತಾಡುತ್ತಿದ್ದ ಹಲಗೆಯ ಮೇಲೆ ಹೋಯಿತು. "ನಿಮ್ಮಲ್ಲಿ ಕೆಲಸಗಾರರು ನಾಲ್ಕಾರು ಮಂದಿ ಅದಾರ. ಎಲ್ಲಾರೂ ಒಮ್ಮೆಲೇ ಹಸೀತಾರೇನು?"

ನರಸಮ್ಮ ಜೋರಾಗಿ ನಕ್ಕಳು. ಕನ್ನಡ ಅಷ್ಟಾಗಿ ಬರದ ಆ ಅಜ್ಜಿಗೆ ಈ ಮಾತು ಹೇಗೆ ತಿಳಿಯಿತೋ!

ಸಮಿತಿ ಹೊರಟುಹೋಯಿತು. ಬಾದಾಮಿ ಹಾಲು ಹಾಗೇ ಉಳಿಯಿತು, ಮಂಜನಿಗೂ ಒಂದು ಲೋಟ ಸಿಕ್ಕಿತು. ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಏಕೋ ಹಗುರವೆನಿಸಿತು. ಮರುದಿನದ ಹೊತ್ತಿಗೆ ಅನುಮಾನ ಮರಳಿತು. ದೊಡ್ಡವರು ಬಿಸಿಲಲ್ಲಿ ನಿಂತು ಒಂದು ಒಳ್ಳೆಯ ಮಾತು ಆಡಿ ಹೋಗುತ್ತಾರೆ. ಕಾರು ಕಣ್ಮರೆಯಾದ ಮೇಲೆ ಆಗುವುದೇ ಬೇರೆ. ರತ್ನಮ್ಮನಿಗೆ ಆಮೇಲೆ ನೋಟಿಸು ಕೊಟ್ಟಿರಬಹುದು, ದೂರದ ಊರಿಗೆ ಹಾಕಿರಬಹುದು. ಫೋನಿನಲ್ಲಿ ಮಂಜನನ್ನು ಕೇಳಿದರೆ, "ಬಂದು ನೋಡ್ಕೊಳೋ. ನಾನ್ ಹೇಳಿದ್ರೆ ನೀನ್ ನಂಬ್ತೀಯಾ?" ಎಂದ.

ಹೋದ ಬೇಸಿಗೆಯಲ್ಲಿ ನೋಡಿಕೊಂಡೇ ಬರೋಣವೆಂದು ಹೋದೆ. ಬಸ್ಸಿಳಿದು ಆಟೋದವನಿಗೆ ಕಚೇರಿಯ ಹೆಸರು ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಓ, ಎಂಡದಂಗಡಿಗಾ? ಕೂತ್ಕೊಳಿ ಸಾರ್" ಎಂದ. ದಾರಿಯುದ್ದಕ್ಕೂ ನಗುತ್ತಲೇ ಇದ್ದೆ. ಊರಿನವರು ಆ ಬಲೆಗೆ ಅದೇ ಹೆಸರು ಇಟ್ಟುಬಿಟ್ಟಿದ್ದರು.

ಬಲೆಯ ಅಂಚು ಒಂದೆಡೆ ಹರಿದಿತ್ತು. ಅದನ್ನು ಟೊಮೇಟೊ ಗಿಡ ಕಟ್ಟುವ ಪ್ಲಾಸ್ಟಿಕ್ ದಾರದಿಂದ ಹೊಲಿದಿದ್ದರು. ರತ್ನಮ್ಮ ಬುತ್ತಿಯ ಡಬ್ಬಿ ತೊಳೆಯುತ್ತ ನಲ್ಲಿಯ ಹತ್ತಿರ ಸಿಕ್ಕರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಆ ದಿನದ ವಿಷಯ ಎತ್ತಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು.

"ಅವತ್ತು ಆ ಮಾತು ಹೇಳಿದ್ದು ಯಾರಮ್ಮ? ಬಾಗಿಲ ಹತ್ತಿರ ಇದ್ದವರಾ, ಕಿಟಕಿಯಲ್ಲಿದ್ದ ಅಜ್ಜಿಯಾ?"

"ನನಗೇನ್ ಗೊತ್ತು ಸಾರ್? ಅಮಾನತು ಅಂದ್ಮೇಲೆ ಕಿವಿಯೊಳಗೆ ಗುಂಯ್ ಅಂತಿತ್ತು. ಯಾರೋ ದೇವರಂಥೋರು ಹೇಳಿದ್ರು." ಡಬ್ಬಿಯ ಮುಚ್ಚಳ ಹಾಕುತ್ತ, "ಯಾಕೆ ಸಾರ್, ನೀವೂ ಇದ್ರಾ ಅವತ್ತು?" ಎಂದರು.

ಇದ್ದೆ ಎಂದೆ. ಅಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ನರಸಮ್ಮನನ್ನು ಹುಡುಕಿಕೊಂಡು ರಾಯಲ್ಪಾಡಿನ ಕಡೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಆ ಮಾತು ಅವಳದೇ ಇರಲಿ ಎಂದು ಈಗೀಗ ಅನ್ನಿಸುತ್ತದೆ. ಆದರೆ ಹೊರಡುವ ಮುನ್ನ ಒಂದನ್ನು ಮಾತ್ರ ಖುದ್ದಾಗಿ ನೋಡಿಕೊಂಡೆ. ಇದರಲ್ಲಿ ನನ್ನ ನೆನಪನ್ನು ನಂಬಬೇಕಾಗಿಲ್ಲ, ಯಾರು ಬೇಕಾದರೂ ಹೋಗಿ ನೋಡಬಹುದು. ಆಗ ಮಧ್ಯಾಹ್ನದ ಊಟದ ಹೊತ್ತು. ಕಿಟಕಿ ತೆರೆದಿತ್ತು.