ನಡುವಿನ ಮೊಳೆ

ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಮೊನ್ನೆ, ಈಗ ನಾವಿರುವ ಮಾನ್ವಿಯ ಮನೆಯ ಹಿತ್ತಲಿಗೆ, ಗೋಡೆ ಕಟ್ಟುವ ಗೌಂಡಿ ಬಂದಿದ್ದ. ಪಾಯಖಾನೆಯ ಗುಂಡಿ ತೋಡಿಸಬೇಕಿತ್ತು. ಅವನು ನೆಲಕ್ಕೊಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ದಾರದ ತುದಿ ಹಿಡಿದು ಸುತ್ತುತ್ತ ಸುಣ್ಣ ಉದುರಿಸಿದ. ನೋಡನೋಡುತ್ತ ದುಂಡನೆಯ ಗೆರೆಯೊಂದು ಮೂಡಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ದೇವದುರ್ಗದ ಮಾಸ್ತರು ನೆನಪಾದರು...

ಮದುವೆಯಾಗಿ ದೇವದುರ್ಗಕ್ಕೆ ಹೋದ ಹೊಸತು. ಹಿತ್ತಲ ಕಡೆಯ ಖೋಲಿಯನ್ನು ನಮ್ಮ ಮಾವ ಆ ಮಾಸ್ತರಿಗೆ ಬಾಡಿಗೆಗೆ ಕೊಟ್ಟಿದ್ದರು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಹಿಂದೆ ಮುಂದೆ ಯಾರೂ ಇಲ್ಲ. ಕಾಗದ ಅವರಿಗೆ ಸಾಲುತ್ತಿರಲಿಲ್ಲ. ಹಿತ್ತಲ ನೆಲ ಸಾರಿಸಿ, ಮೊಳೆ, ದಾರ, ಸುಣ್ಣ, ಕೆಮ್ಮಣ್ಣು ಇಟ್ಟುಕೊಂಡು ಕೂತರೆ ಬಿಸಿಲೇರುವವರೆಗೂ ಏಳುತ್ತಿರಲಿಲ್ಲ. ಬರೆದದ್ದನ್ನು ಸಂಜೆಗೆ ಕೋಳಿಗಳು ಕೆದರಿ ಹಾಕಿದರೂ ಬೇಸರವಿಲ್ಲ. ಮರುದಿನ ಮತ್ತೆ ಮೊಳೆ, ಮತ್ತೆ ದಾರ. ಸಿಕ್ಕವರಿಗೆಲ್ಲ ಬಿಡಿಸಿ ಹೇಳುವ ಚಟ ಬೇರೆ. ನನಗೆ, ಕಾಯಿಪಲ್ಲೆ ಮಾರುವವಳಿಗೆ, ಯಾರೂ ಸಿಗದಿದ್ದರೆ ಆ ಕೋಳಿಗಳಿಗೇ.

“ನೋಡವ್ವಾ, ಈ ಮೊಳಿ ನೆಟ್ಟ ಜಾಗ ಅದ ಅಲ್ಲ, ಅದಕ್ಕ ಉದ್ದ ಇಲ್ಲ, ಅಗಲ ಇಲ್ಲ, ಮೈನ ಇಲ್ಲ. ಆದ್ರ ಇಷ್ಟು ದೊಡ್ಡ ದುಂಡು ಅದರ ಮಾತು ಮೀರಂಗಿಲ್ಲ. ಗೆರಿ ಮ್ಯಾಲ ಎಲ್ಲಿ ನಿಂತ್ರೂ ನಡುವಿಗೆ ಅಷ್ಟ ದೂರ. ಹತ್ರದಾಂವ ಇಲ್ಲ, ದೂರದಾಂವ ಇಲ್ಲ.”

ಆಮೇಲೆ ಅದೇ ದಾರದ ಅಳತೆ ಹಿಡಿದು ಗೆರೆಯ ಮೇಲೆ ಗುರುತು ಹಾಕುತ್ತ ಹೋಗುತ್ತಿದ್ದರು. ಆರನೆಯ ಅಳತೆ ಹೊರಟ ಜಾಗಕ್ಕೇ ಬಂದು ಕೂಡುತ್ತಿತ್ತು. ಆ ಗುರುತುಗಳಿಂದ ಆರೆಸಳಿನ ಹೂವು ಏಳುತ್ತಿತ್ತು. “ಇದು ನಾ ಮಾಡಿದ್ದಲ್ಲವ್ವಾ. ಮೊದಲ ಇತ್ತು. ನಾ ದಾರ ಹಿಡದೆ ಅಷ್ಟ,” ಎಂದು ನಗುತ್ತಿದ್ದರು. “ಬಾ, ನಡುವ ನಿಂತು ನೋಡು” ಎಂದು ಕರೆಯುತ್ತಲೂ ಇದ್ದರು. ನಾನಾಗ ಬಸುರಿ. “ಆ ಗೆರಿ ದಾಟಿಗೀಟಿ ಬಿಟ್ಟೀ ಮತ್ತ” ಎಂದು ಅತ್ತೆ ಕಣ್ಣು ಬಿಡುತ್ತಿದ್ದರು. ನಾನೋ ಮೊದಲೇ ಅಂಜುಬುರುಕಿ. ಲೆಕ್ಕ ತಲೆಗೆ ಹೋಗುತ್ತಿತ್ತು, ಕಾಲು ಮಾತ್ರ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಅಮಾವಾಸ್ಯೆಯ ಮರುದಿನ ಪಕ್ಕದ ಮನೆಯ ಸೊಸೆಗೆ ಗರ್ಭ ಇಳಿದುಹೋಯಿತು. ಎರಡೂ ಹಿತ್ತಲುಗಳ ನಡುವೆ ಇದ್ದದ್ದು ಮೋಟು ಗೋಡೆ. ಮೊಳೆ, ದಾರ, ಕೆಮ್ಮಣ್ಣು ಎಲ್ಲವನ್ನೂ ಆಕೆಯ ಅತ್ತೆ ದಿನಾ ನೋಡಿದ್ದಳು. ನಮ್ಮ ಕಡೆ ಮಾಟಕ್ಕೆ ಬಾನಾಮತಿ ಎನ್ನುತ್ತಾರೆ. ಆ ಮಾತು ಓಣಿಯಲ್ಲಿ ಒಮ್ಮೆ ಎದ್ದರೆ ಮುಗಿಯಿತು... ನಾನು ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಕೊಡ ಅರ್ಧ ತುಂಬಿದೊಡನೆ ಮನೆಗೆ ಬಂದುಬಿಡುತ್ತಿದ್ದೆ. ನಾನು ಹೆದರಿದ್ದು ಆ ಗೆರೆಗೋ ಈ ಜನಕ್ಕೋ, ನನಗೇ ತಿಳಿಯುತ್ತಿರಲಿಲ್ಲ. ಮಾಸ್ತರಿಗೆ ಏನಾದರೂ ಮಾಡಿಬಿಡುತ್ತಾರೆ ಎಂಬುದಂತೂ ಖಾತ್ರಿಯಾಗಿತ್ತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯವರು ಬಂದೇಬಿಟ್ಟರು. ಕೆಲವರ ಕೈಯಲ್ಲಿ ಬಡಿಗೆ ಇತ್ತು. ಮಾವ ಮಾಸ್ತರ ಕಿವಿಯ ಹತ್ತಿರ ಬಾಗಿ, “ರಂಗೋಲಿ ಅಂದುಬಿಡ್ರಿ ಸರ್. ಇಲ್ಲಿಗೇ ಮುಗದು ಹೋಗ್ತದ,” ಎಂದರು. ಅಡುಗೆಮನೆಯ ಬಾಗಿಲ ಹಿಂದೆ ನಿಂತ ನಾನು, ಅನ್ನಲಿ, ಒಂದೇ ಮಾತು ಅನ್ನಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ.

“ರಂಗೋಲಿ ಅಲ್ಲಲ್ರೀ ಇದು,” ಎಂದರು ಮಾಸ್ತರು.

ಆಮೇಲೆ ಕುಕ್ಕುರುಗಾಲಲ್ಲಿ ಕೂತು ಆ ಜನಕ್ಕೂ ಪಾಠ ಶುರು ಮಾಡಿದರು! ಮೊಳೆಯ ಜಾಗಕ್ಕೆ ಮೈ ಇಲ್ಲ ಎಂದರು. “ಈ ಗೆರಿ ನಿಮ್ಮ ಕಣ್ಮುಂದನ ಕೂಡ್ತದ. ಆದ್ರ ಅಡ್ಡ ಅಳತಿ ಹಿಡದು ಸುತ್ತಳತಿ ಲೆಕ್ಕ ಹಾಕ್ರಿ, ಆ ಲೆಕ್ಕ ಮುಗಿಯಂಗಿಲ್ಲ. ಕೊನಿನ ಇಲ್ಲ ಅದಕ್ಕ. ಇಷ್ಟು ಸಣ್ಣ ಗೆರಿಯೊಳಗ ಮುಗಿಯಲಾರದ್ದು ಒಂದು ಕುಂತದ ನೋಡ್ರಿ...”

“ಮೈ ಇಲ್ಲದ್ದು, ಮುಗಿಯಲಾರದ್ದು ನಮ್ಮ ಓಣ್ಯಾಗ ಯಾಕ ಬೇಕೋ ಯಪ್ಪಾ?” ಎಂದಳು ಗರ್ಭ ಕಳೆದುಕೊಂಡ ಸೊಸೆಯ ಅತ್ತೆ, ಪಕ್ಕದ ಮನೆಯ ಮುದುಕಿ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನೊಳಗೆ ಇದ್ದ ಅದೇ ಅಂಜಿಕೆ ಇತ್ತು. ಅದಕ್ಕೇ ಆಕೆಯನ್ನು ದ್ವೇಷಿಸಲು ನನ್ನಿಂದ ಇಂದಿಗೂ ಆಗಿಲ್ಲ.

ಒಬ್ಬ ಮೊಳೆ ಕಿತ್ತು ಗೋಡೆಯಾಚೆ ಎಸೆದ. ಇನ್ನಿಬ್ಬರು ಸಗಣಿನೀರು ಸುರಿದು ಹೂವನ್ನು ತೊಳೆದುಹಾಕಿದರು. ಅಷ್ಟಕ್ಕೇ ಎಲ್ಲರೂ ಹೊರಡುತ್ತಿದ್ದರೋ ಏನೋ. ಮಾಸ್ತರು ಸುಮ್ಮನಿರಬೇಕಲ್ಲ! “ಮೊಳಿ ಕಿತ್ರ ನಡು ಹೋಗಂಗಿಲ್ಲರೀ,” ಎಂದರು, ತರಗತಿಯಲ್ಲಿ ತಪ್ಪು ತಿದ್ದುವವರ ಹಾಗೆ. “ಅದು ಅಲ್ಲೇ ಇರ್ತದ.”

ಬಡಿಗೆ ಅವರ ಬಲಗೈ ಮೇಲೆ ಬಿತ್ತು. ಆ ಸಪ್ಪಳ... ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ.

ಬೆಳಿಗ್ಗೆ ಮಾಸ್ತರು ಮಾವನ ಟವೆಲಿನಲ್ಲಿ ಕೈ ಕಟ್ಟಿಕೊಂಡು ರಾಯಚೂರಿನ ಬಸ್ಸಿಗೆ ಹೊರಟರು. ಬಾಗಿಲಲ್ಲಿ ನನ್ನನ್ನು ಕಂಡು, “ಅಂಜಬ್ಯಾಡವ್ವಾ. ಅದು ದುಂಡು, ಅಷ್ಟ,” ಎಂದರು. ಮುಂದೆ ಮಗಳು ಸುಖವಾಗಿ ಹುಟ್ಟಿದಳು. “ನೋಡು, ಆತ ಹೋದ, ಕೂಸು ಛಲೋ ಆತು,” ಎಂದರು ಅತ್ತೆ. ನಾನು ಹಾಲೂಡಿಸುತ್ತ ಗೋಡೆಯ ಕಡೆ ತಿರುಗಿದೆ. ಬಹಳ ವರ್ಷಗಳ ಮೇಲೆ ರಾಯಚೂರಿನಿಂದ ಬಂದ ನೆಂಟರೊಬ್ಬರು ಮಾಸ್ತರು ತೀರಿಕೊಂಡ ಸುದ್ದಿ ಹೇಳಿದರು. ಆ ಕೈಗೆ ಮತ್ತೆ ದಾರ ಹಿಡಿಯಲು ಆಗಲೇ ಇಲ್ಲವಂತೆ.

ಮೊನ್ನೆ ಗೌಂಡಿ ಚಹಾ ಕುಡಿಯಲು ಹೋದ. ಪಾಯಖಾನೆಯ ಗುಂಡಿಗೆ ಎಳೆದ ಗೆರೆಗೆ ಯಾರೂ ಅಂಜಿರಲಿಲ್ಲ, ನನ್ನೊಬ್ಬಳ ಹೊರತು. ಸೀರೆಯ ನೆರಿಗೆ ಎತ್ತಿ ಹಿಡಿದು ಗೆರೆ ದಾಟಿದೆ. ಮೊಳೆಯ ಪಕ್ಕ ನಿಂತೆ. ಸುತ್ತ ನೋಡಿದೆ. ಎಲ್ಲ ಕಡೆಗೂ ಅಷ್ಟೇ ದೂರ. ಅವರು ಕರೆದಾಗಲೇ ಬಂದು ನಿಲ್ಲಬೇಕಿತ್ತು ಅನ್ನಿಸಿ ಕಣ್ಣು ತುಂಬಿ ಬಂದವು.

“ಯಕ್ಕಾ, ಅದರ ನಡುವ ಯಾಕ ನಿಂತೀರಿ? ಏನದು?” ಗೋಡೆಯಾಚೆಯಿಂದ ಮಾನ್ವಿಯ ಈ ಪಕ್ಕದ ಮನೆಯ ಸೊಸೆ ಕೂಗಿದಳು. ಬಗಲಲ್ಲಿ ಕೂಸಿತ್ತು.

ಮಾಸ್ತರು ಹೇಳಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಮೈಯಿಲ್ಲದ ನಡು, ಮುಗಿಯದ ಲೆಕ್ಕ, ಹತ್ತಿರದವನಿಲ್ಲದ ದೂರದವನಿಲ್ಲದ ಗೆರೆ... ಆಕೆ ಕೂಸನ್ನು ಇನ್ನಷ್ಟು ಅವುಚಿಕೊಂಡದ್ದು ಕಾಣಿಸಿತು.

“ಏನಿಲ್ಲವ್ವಾ, ಕಿವಿಯೋಲಿ ಬಿದ್ದದ. ಹುಡುಕಾಕತ್ತೀನಿ,” ಎಂದೆ. ಎರಡೂ ಓಲೆ ಕಿವಿಯಲ್ಲೇ ಇದ್ದವು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿದೆ, ಆಕೆ ಒಳಗೆ ಹೋಗುವವರೆಗೂ ನೆಲ ಹುಡುಕಿದೆ.