ಎರಡು ಬೆರಳು ತುಪ್ಪ

ಥಂಡಿಯ ದಿನಗಳಲ್ಲಿ ತುಪ್ಪದ ಬರಣಿಯ ಮುಚ್ಚಳ ತೆಗೆದಾಗ ನಡುವೆ ತಗ್ಗು ಬಿದ್ದಿದ್ದು ಕಂಡರೆ ನನಗೆ ಈಗ ನಗು ಬರುತ್ತದೆ. ಮೊದಲ ಸಲ ಅದನ್ನು ಕಂಡಾಗ ಮಾತ್ರ ನನ್ನ ಎದೆ ಧಸಕ್ಕೆಂದಿತ್ತು.

ನಾನು ಕುರನೂರಿನ ಒಕ್ಕಲುತನದ ಮನೆಯವಳು. ಅಕ್ಕಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಐದನೆಯ ಇಯತ್ತೆಯವರೆಗೆ ಮರಾಠಿ ಶಾಲೆ ಕಲಿತೆ. ೧೯೩೦ರ ಆಸುಪಾಸಿಗೆ ಸೋಲಾಪುರದ ಕಾಳಿನ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಅಳೆಯದೆ ಬಿಟ್ಟ ವಸ್ತು ಇರಲಿಲ್ಲ. ಅತ್ತೆ ಊರಿಗೆ ಹೊರಟರೆಂದರೆ ತುಪ್ಪಕ್ಕೂ ಗುರುತು ಹಾಕಿಯೇ ಹೊರಡುವವರು. ಬರಣಿಯ ಬಾಯಿಯ ಮೇಲೆ ಲಟ್ಟಣಿಗೆ ಅಡ್ಡ ಇಡುವುದು, ಜೋಳದ ದಂಟೊಂದನ್ನು ನಡುವೆ ಇಳಿಬಿಡುವುದು, ತುದಿ ತುಪ್ಪಕ್ಕೆ ತಾಗಿದ ಕೂಡಲೇ ಲಟ್ಟಣಿಗೆಯ ಮಟ್ಟಕ್ಕೆ ದಂಟಿಗೆ ಕೆಂಪು ದಾರ ಕಟ್ಟುವುದು. ದಂಟು ದೇವರ ಜಗಲಿಯ ಮೇಲಿರುತ್ತಿತ್ತು. ಈ ಪದ್ಧತಿ ಅವರ ಅತ್ತೆಯ ಕಾಲದ್ದಂತೆ. ಆ ಮುದುಕಿ ಸಾಯುವ ತನಕ ಉಗ್ರಾಣದ ಕೀಲಿಯನ್ನು ಇವರ ಕೈಗೆ ಕೊಟ್ಟಿರಲಿಲ್ಲವೆಂದು ಕೇಳಿದ್ದೆ. ಎಂಥ ಬಿಗಿ ಹೆಂಗಸೋ ಅಂದುಕೊಂಡಿದ್ದೆ, ಅಷ್ಟೇ.

ಆ ವರ್ಷ ಸಂಕ್ರಾಂತಿಗೆ ಹತ್ತು ದಿನ ಮೊದಲು ಅತ್ತೆ ಬೆಣ್ಣೆ ಕಾಸಿದರು. ಉಗುರುಬೆಚ್ಚಗಿದ್ದ ತುಪ್ಪವನ್ನು ಬರಣಿಗೆ ತುಂಬಿ, ದಾರ ಕಟ್ಟಿ, ಉಗ್ರಾಣದ ಕೀಲಿಯನ್ನು ನನ್ನ ಕೈಗಿತ್ತು, ಅಕ್ಕಲಕೋಟೆಯ ಬೀಗರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋದರು. ದಿನದ ಬಳಕೆಗೆ ಬೇರೆ ಗಿಂಡಿಯಲ್ಲಿ ತುಪ್ಪ ಇತ್ತು; ಬರಣಿಯನ್ನು ನಾನು ಮುಟ್ಟಲಿಲ್ಲ. ಅವರು ಹೋದ ಮೇಲೆ ಥಂಡಿ ಜೋರಾಯಿತು. ನಡುವೆ ಒಂದು ದಿನ ನನ್ನ ಅಣ್ಣ ತೊಗರಿ ಮಾರಲು ಗಾಡಿ ಹೊಡೆದುಕೊಂಡು ಬಂದವನು ನಮ್ಮಲ್ಲಿ ಊಟ ಮಾಡಿ ಹೋದ.

ಎಂಟು ದಿನದ ಮೇಲೆ ಅತ್ತೆ ಬೆಳಗ್ಗೆ ಬಂದವರೇ ನನ್ನಿಂದ ಕೀಲಿ ಇಸಿದುಕೊಂಡು, ದಂಟು ತೆಗೆದುಕೊಂಡು ಉಗ್ರಾಣಕ್ಕೆ ನಡೆದರು. ತುಪ್ಪ ಗಟ್ಟಿಯಾಗಿತ್ತು. ದಂಟಿನ ತುದಿ ಅದಕ್ಕೆ ತಾಗುವಷ್ಟರಲ್ಲಿ ಕೆಂಪು ದಾರ ಲಟ್ಟಣಿಗೆಗಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಅವರು ಕೂಗಾಡಲಿಲ್ಲ. ಯಾರಾರು ಬಂದಿದ್ದರೆಂದು ಕೇಳಿದರು, ಅಣ್ಣ ಬಂದಿದ್ದನೆಂದೆ. ಅವರ ಮುಖ ಗಂಟಾಯಿತು.

"ದೇವರ ದೀಪಾ ಮುಟ್ಟಿ ತಗೊಂಡಿಲ್ಲಂತ ಹೇಳು. ಇಲ್ಲಂದ್ರ ನಾಳಿಗಿ ನಿಮ್ಮಪ್ಪ ಹಬ್ಬಕ್ಕ ಕರಿಯಾಕ ಬರ್ತಾರಲ್ಲ, ಅವರನ್ನ ಕೇಳ್ತೀನಿ."

ನನ್ನ ಸಿಟ್ಟು ನೆತ್ತಿಗೇರಿತು. ನಾಲ್ಕು ಎಮ್ಮೆ ಕಟ್ಟಿದ ನನ್ನ ತವರಿಗೆ ಇವರ ಎರಡು ಬೆರಳು ತುಪ್ಪ ಬೇಕಾಗಿತ್ತೇ? ತಗೊಂಡಿಲ್ಲ ಅಂದಮೇಲೆ ದೀಪ ಯಾಕೆ ಮುಟ್ಟಲಿ ಎಂದು ಎದುರುತ್ತರ ಕೊಟ್ಟೇಬಿಟ್ಟೆ. ಆಡಿದ ಮೇಲೆ ಅಪ್ಪ ಬೀಗಿತಿಯ ಎದುರು ತಲೆ ತಗ್ಗಿಸಿ ನಿಂತ ಚಿತ್ರ ಕಣ್ಣ ಮುಂದೆ ಬಂದು ಅಳು ಉಕ್ಕಿತು.

ಅಳುತ್ತಲೇ ಒಲೆಯ ಮುಂದೆ ಕೂತು ಯೋಚಿಸಿದೆ. ಕದ್ದವರಿಲ್ಲ, ತುಪ್ಪ ತಾನೇ ಕುಗ್ಗಿರಬೇಕು. ಆದರೆ ಶಾಲೆಯಲ್ಲಿ ನಾವು ಬಾಯಿ ಎನ್ನುತ್ತಿದ್ದ ಶಿಕ್ಷಕಿ ಕಲಿಸಿದ್ದು ಇದಕ್ಕೆ ತಿರುವುಮುರುವಾಗಿತ್ತು. ಘನ, ದ್ರವ, ವಾಯು ಎಂದು ಬಾಯಿಪಾಠ ಮಾಡಿಸಿ, ಒಮ್ಮೆ ಆಲಿಕಲ್ಲು ಬಿದ್ದಾಗ ಆಯ್ದು ತಂಬಿಗೆಯ ನೀರಿಗೆ ಹಾಕಿ ತೋರಿಸಿದ್ದರು. ನೀರು ಗಟ್ಟಿಯಾದರೆ ಹಿಗ್ಗುತ್ತದೆ, ಅದಕ್ಕೇ ಆಲಿಕಲ್ಲು ತೇಲುತ್ತದೆ ಅಂದಿದ್ದರು. ಹಾಗಾದರೆ ತುಪ್ಪವೂ ಮೇಲೆ ಏರಬೇಕಿತ್ತಲ್ಲ! ಆಗ ಒಲೆಯ ಮೇಲಿನ ಸೌಟಿನತ್ತ ಕಣ್ಣು ಹೋಯಿತು. ಒಗ್ಗರಣೆಗೆಂದು ಗಿಂಡಿಯಿಂದ ತೆಗೆದ ತುಪ್ಪ ಅರ್ಧ ಕರಗಿತ್ತು. ಕರಗದ ಗಡ್ಡೆ ತೇಲದೆ ತಳಕ್ಕೆ ಕೂತಿತ್ತು. ದಿನಾ ನೋಡುತ್ತಿದ್ದೆ, ಒಂದು ದಿನವೂ ಕಂಡಿರಲಿಲ್ಲ. ತುಪ್ಪದ ರೀತಿಯೇ ಬೇರೆ ಎಂದು ಜೀವಕ್ಕೆ ಒಂದಿಷ್ಟು ಧೈರ್ಯ ಬಂತು.

ಅತ್ತೆಯ ಎದುರಿಗೇ ಬರಣಿಯನ್ನು ಬಿಸಿನೀರಿನ ಹಂಡೆಯೊಳಗೆ ಕೂಡಿಸಿದೆ. ತುಪ್ಪ ಕರಗಿ ಉಗುರುಬೆಚ್ಚಗಾದ ಮೇಲೆ ಅವರೇ ದಂಟು ಇಳಿಬಿಟ್ಟರು. ದಾರ ಲಟ್ಟಣಿಗೆಯ ಮಟ್ಟಕ್ಕೇ ನಿಂತಿತು. ನಾನು ಉಸಿರು ಬಿಟ್ಟೆ. ಅವರು ಮಾತ್ರ ಸುಲಭಕ್ಕೆ ಸೋಲುವ ಪೈಕಿ ಅಲ್ಲ. ಬಿಸಿ ಮಾಡಿದರೆ ಹಾಲೂ ಉಕ್ಕುತ್ತದೆ, ಅದರಿಂದ ಏನಾಯಿತು, ಹೋದದ್ದು ಹೋಗಿಯೇ ಹೋಗಿದೆ ಅಂದರು. ಆಗ ಹೊಟ್ಟೆ ಉರಿದರೂ, ಅದು ಕೇಳಬೇಕಾದ ಮಾತೇ ಎಂದು ಈಗ ಒಪ್ಪುತ್ತೇನೆ. ಒಂದು ಸಲ ನೋಡಿದ್ದನ್ನು ನಂಬಬೇಡಿ, ಇನ್ನೊಂದು ದಾರಿಯಿಂದಲೂ ನೋಡಿ ಎಂದು ಶಾಲೆಯ ಬಾಯಿಯೂ ಹೇಳುತ್ತಿದ್ದರು.

ಸಂಜೆ ಮಾವನವರಿಂದ ಅಂಗಡಿಯ ಸಣ್ಣ ತಕ್ಕಡಿ ತರಿಸಿದೆ. ಹಿತ್ತಾಳೆಯ ವಾಟಿ ಬಟ್ಟಲಿನಲ್ಲಿ ಕರಗಿದ ತುಪ್ಪವನ್ನು ಅಂಚಿನವರೆಗೆ ತುಂಬಿ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದಕ್ಕೆ ತೊಗರಿಬೇಳೆ ಸುರಿದು ಸರಿತೂಗಿಸಿದೆ. ಆ ಬೇಳೆಯನ್ನು ಅತ್ತೆ ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು. ವಾಟಿಯನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನೂ ತಾವೇ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಅದೇ ಬೇಕಾಗಿತ್ತು.

ಬೆಳಗ್ಗೆ ಅವರೇ ಬೀಗ ತೆಗೆದರು. ವಾಟಿಯ ತುಪ್ಪ ಗಟ್ಟಿಯಾಗಿ ಅಂಚಿನಿಂದ ಕೆಳಗಿಳಿದಿತ್ತು, ನಡುವೆ ಹೆಬ್ಬೆರಳು ಒತ್ತಿದ ಹಾಗೆ ತಗ್ಗು. ಗಂಟು ಬಿಚ್ಚಿ ಬೇಳೆ ಸುರಿದರು. ತಕ್ಕಡಿ ಅತ್ತ ಇತ್ತ ಆಡಿ ಸಮನಾಗಿ ನಿಂತಿತು.

"ತೂಕ ಅಷ್ಟ ಐತ್ರಿ ಅತ್ತಿ," ಅಂದೆ. "ತುಪ್ಪ ಎಲ್ಲೂ ಹೋಗಿಲ್ಲ, ಒತ್ತಿ ಕುಂತೈತಿ."

ನನ್ನ ಎದೆಯ ಮೇಲಿನ ಭಾರ ಇಳಿದು, ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಕೋಲು ಮಟ್ಟಸವಾಗಿ ನಿಂತ ಆ ತಕ್ಕಡಿಯನ್ನೇ ನೋಡುತ್ತ ನೆಲಕ್ಕೆ ಕೂತುಬಿಟ್ಟರು. ಹೊರಗೆ ಅಪ್ಪನ ಗಾಡಿಯ ಎತ್ತಿನ ಗೆಜ್ಜೆ ಕೇಳಿಸಿತು. ಅತ್ತೆ ದೇವರ ಜಗಲಿಯ ಮೇಲಿನ ದಂಟನ್ನು ತೆಗೆದುಕೊಂಡು, ಕೆಂಪು ದಾರ ಬಿಚ್ಚಿ, ಉಗ್ರಾಣದ ಕೀಲಿಗೆ ಸುತ್ತಿ ನನ್ನ ಕೈಗೆ ಕೊಟ್ಟರು.

"ನನ್ನ ಮದುವಿಯಾದ ವರ್ಷಾನೂ ಹಿಂಗ ಥಂಡಿ ಇತ್ತವಾ. ನಾ ದೀಪಾ ಮುಟ್ಟಿ ಹೇಳಿದ್ನಿ, ಆದ್ರೂ ನಮ್ಮತ್ತಿ ನಂಬಲಿಲ್ಲ," ಅಂದರು. ಆಮೇಲೆ ಕಣ್ಣೊರೆಸಿಕೊಂಡು, ಭಾರ ಇಳಿದವರ ಹಾಗೆ ಮೆಲ್ಲಗೆ ಹೇಳಿದರು: "ನಾನೂ ತಗೊಂಡಿರ್ಲಿಲ್ಲ."